ವಾಗ್ದಾನದ ವಚನ ಹಿಡಿದು ಪ್ರಾರ್ಥಿಸಿದ್ದೆವು, ಸೀಟು ಸಿಗಲಿಲ್ಲ: ಇನ್ನು ಭರವಸೆ ಇಡುವುದು ಹೇಗೆ?

ಪ್ರಶ್ನೆ: ಹೆಬ್ಬಾಳದ ತಂದೆ

ಎಲ್ಲರಿಗೂ ಕರ್ತನ ನಾಮದಲ್ಲಿ ವಂದನೆಗಳು. ನಮ್ಮ ಸಭೆಯಲ್ಲಿ ಡಿಸೆಂಬರ್ 31ರ ರಾತ್ರಿಯ ಆರಾಧನೆ ಮುಗಿದ ಮೇಲೆ ಪ್ರತಿ ಕುಟುಂಬಕ್ಕೂ ಸತ್ಯವೇದದ ಒಂದು ವಚನ ಅಚ್ಚಾದ ವಾಗ್ದಾನದ ಕಾರ್ಡ್ ಕೊಡುತ್ತಾರೆ. ನಮಗೆ ಬಂದದ್ದು ಯೆರೆಮೀಯ 29:11, ಅಂದರೆ ದೇವರ ಆಲೋಚನೆಗಳು ನಮ್ಮ ಹಿತಕ್ಕಾಗಿಯೇ ಇವೆ ಎನ್ನುವ ವಚನ. ಆ ವರ್ಷ ಮಗ ನೀಟ್ ಬರೆಯುವವನಿದ್ದುದರಿಂದ ನಾವು ಅದನ್ನು ಎಂ.ಬಿ.ಬಿ.ಎಸ್. ಸೀಟಿನ ಮಾತೆಂದೇ ತೆಗೆದುಕೊಂಡು ಉಪವಾಸ ಪ್ರಾರ್ಥನೆಗಳಲ್ಲಿಯೂ ಹಾಗೆಯೇ ಬೇಡಿಕೊಂಡೆವು. ಸರ್ಕಾರಿ ಸೀಟಿಗೆ ಸಾಕಾಗುವ ರ‍್ಯಾಂಕ್ ಬರಲಿಲ್ಲ. ಮ್ಯಾನೇಜ್‌ಮೆಂಟ್ ಕೋಟಾದ ಶುಲ್ಕ ನಮ್ಮ ಕೈಗೆ ಎಟುಕುವಂಥದ್ದಲ್ಲ. ಮಗ ಈಗ ಬೆಂಗಳೂರು ಕೃಷಿ ವಿಶ್ವವಿದ್ಯಾಲಯದ ಜಿಕೆವಿಕೆಯಲ್ಲಿ ಬಿ.ಎಸ್ಸಿ. ಕೃಷಿ ಓದುತ್ತಿದ್ದಾನೆ ಮತ್ತು ನಿಜ ಹೇಳಬೇಕೆಂದರೆ ನನಗಿಂತ ನೆಮ್ಮದಿಯಾಗಿಯೇ ಇದ್ದಾನೆ. ಕೇಳಿದವರಿಗೆಲ್ಲ "ದೇವರ ಚಿತ್ತ" ಎಂದು ಉತ್ತರಿಸುವ ನನಗೆ, ಪ್ರಾರ್ಥನೆಗೆ ಕುಳಿತಾಗ ಏನನ್ನಾದರೂ ಕೇಳುವುದಕ್ಕೇ ಮನಸ್ಸು ಬರುತ್ತಿಲ್ಲ. ನಮ್ಮ ನಂಬಿಕೆ ಸಾಲದಾಯಿತೇ, ಅಥವಾ ಆ ವಚನ ನಮಗೆ ಬಂದದ್ದೇ ಅಲ್ಲವೇ? ತಿಳಿದವರು ದಯವಿಟ್ಟು ಹೇಳಬೇಕು.

ಉತ್ತರ 1: ವಾರದ ವೇದಪಾಠ

ಸಹೋದರರೇ, ಕಾರ್ಡಿನ ಮೇಲೆ ಅಚ್ಚಾಗದ ವಚನಗಳನ್ನೂ ಒಮ್ಮೆ ಓದಿ. ಆ ಅಧ್ಯಾಯ ಒಂದು ಪತ್ರ. ಕ್ರಿ.ಪೂ. 597ರಲ್ಲಿ ಬಾಬೆಲಿನ ಅರಸ ನೆಬೂಕದ್ನೆಚ್ಚರನು ಯೆರೂಸಲೇಮಿನಿಂದ ಸೆರೆಯೊಯ್ದವರಿಗೆ ಪ್ರವಾದಿ ಯೆರೆಮೀಯನು ಅದನ್ನು ಕಳುಹಿಸಿದನು. ಅವರೆಲ್ಲರ ಆಸೆ ಒಂದೇ, ಬೇಗ ಊರಿಗೆ ಮರಳಬೇಕು. ಹಿಂದಿನ ಅಧ್ಯಾಯದಲ್ಲಿ ಹನನ್ಯನೆಂಬವನು ಎರಡೇ ವರ್ಷಗಳಲ್ಲಿ ಎಲ್ಲವೂ ಸರಿಹೋಗುತ್ತದೆ ಎಂದು ದೇವರ ಹೆಸರಿನಲ್ಲಿಯೇ ಸಾರಿದ್ದನು. ಅಂಥ ಮಾತು ಯಾವ ಕಾಲದಲ್ಲೂ ಜನರಿಗೆ ಹಿಡಿಸುತ್ತದೆ. ಯೆರೆಮೀಯನ ಪತ್ರದಲ್ಲಿ ಇರುವುದಾದರೋ ಎಪ್ಪತ್ತು ವರ್ಷ. ಆದಕಾರಣ ಅದನ್ನು ಮೊದಲು ಕೇಳಿಸಿಕೊಂಡವರಲ್ಲಿ ವಯಸ್ಸಾದವರು ಊರನ್ನು ಮತ್ತೆ ನೋಡುವಂತಿರಲಿಲ್ಲ. ಅಲ್ಲಿಯವರೆಗೆ ಮನೆ ಕಟ್ಟಿಕೊಳ್ಳಿರಿ, ತೋಟ ಮಾಡಿಕೊಳ್ಳಿರಿ, ಮಕ್ಕಳಿಗೆ ಮದುವೆ ಮಾಡಿರಿ, ಸೆರೆಯಾಗಿ ಬಂದಿರುವ ಆ ಪಟ್ಟಣದ ಕ್ಷೇಮಕ್ಕಾಗಿಯೇ ಪ್ರಾರ್ಥಿಸಿರಿ ಎಂದು ದೇವರು ಹೇಳಿಸಿದ ಮೇಲೆಯೇ ನಿಮ್ಮ ಕಾರ್ಡಿನ ವಚನ ಬರುವುದು. ಒಬ್ಬೊಬ್ಬರ ಬಯಕೆಗೂ ಹಾಕಿದ ರುಜುವಾಗಿ ಅದನ್ನು ಓದಲು ಬರುವುದಿಲ್ಲ. 2024ರಲ್ಲಿ ನೀಟ್ ಬರೆದವರು 23 ಲಕ್ಷಕ್ಕೂ ಹೆಚ್ಚು, ಆಗ ದೇಶದಲ್ಲಿದ್ದ ಎಂ.ಬಿ.ಬಿ.ಎಸ್. ಸೀಟುಗಳು ಲಕ್ಷಕ್ಕಿಂತ ತುಸು ಹೆಚ್ಚು. ಸೀಟು ಸಿಗದ ಅಷ್ಟೂ ಮನೆಗಳಲ್ಲಿ ನಂಬಿಕೆ ಕಡಿಮೆಯಿತ್ತೆಂದು ಹೇಳುವ ಧೈರ್ಯ ನನಗಂತೂ ಇಲ್ಲ.

ಉತ್ತರ 2: ಫ್ರೇಜರ್ ಟೌನ್ ಅಕ್ಕ

ಮೇಲಿನವರು ಹೇಳಿದ್ದು ಸರಿಯೇ, ಆದರೆ ತಮ್ಮಾ, ಪತ್ರದ ಹಿನ್ನೆಲೆ ತಿಳಿದ ಮಾತ್ರಕ್ಕೆ ನಿಮ್ಮ ನೋವು ಇಳಿಯುವುದಿಲ್ಲ. ನಮ್ಮ ಯಜಮಾನರು ತೀರಿಕೊಂಡ ತಿಂಗಳೇ ಸಭೆಯ ಹಿರಿಯರೊಬ್ಬರು ಮನೆಗೆ ಬಂದು, ಕಾಫಿ ಲೋಟ ಕೆಳಗಿಡುವ ಮುನ್ನವೇ, ದೇವರು ಇದಕ್ಕಿಂತ ಉತ್ತಮವಾದದ್ದನ್ನು ಯೋಜಿಸಿದ್ದಾರೆ ಎಂದರು. ಯಾವುದು ಉತ್ತಮ ಎಂದು ನಾನು ಕೇಳಲಿಲ್ಲ, ಅವರೂ ಹೇಳಲಿಲ್ಲ. ಕಳೆದುಕೊಂಡದ್ದಕ್ಕೆ ಬದಲಾಗಿ ಇನ್ನೂ ದೊಡ್ಡದು ಬಂದೇ ಬರುತ್ತದೆ ಎಂದು ಕಾಯುವುದು ಭರವಸೆಯಂತೆ ಕಂಡರೂ, ಅಲ್ಲಿ ನಾವು ನೆಚ್ಚಿಕೊಂಡಿರುವುದು ಆ ಬರಬೇಕಾದ ವಸ್ತುವನ್ನೇ ಎಂಬುದು ನನ್ನ ಅಭಿಪ್ರಾಯ.

ಆ ದಿನಗಳಲ್ಲಿ ನನ್ನ ಕೈ ಹಿಡಿದದ್ದು 88ನೆಯ ಕೀರ್ತನೆ. ಮಿಕ್ಕ ಬಹುಪಾಲು ಗೋಳಿನ ಕೀರ್ತನೆಗಳು ಕೊನೆಗೆ ಸ್ತೋತ್ರಕ್ಕೆ ತಿರುಗುತ್ತವೆ, 13ನೆಯದೂ ಹಾಗೆಯೇ. ಇದು ಮಾತ್ರ ಕತ್ತಲೆಯಲ್ಲಿಯೇ ಮುಗಿಯುತ್ತದೆ. ಆದರೂ ಅದನ್ನು ಸತ್ಯವೇದದಿಂದ ಯಾರೂ ತೆಗೆದುಹಾಕಲಿಲ್ಲ, ಅದನ್ನು ಹಾಡಿದವನು ಮೊದಲಿಂದ ಕೊನೆಯವರೆಗೂ ದೇವರೊಂದಿಗೇ ಮಾತನಾಡುತ್ತಾನೆ. ಶಿಲುಬೆಗೆ ಹೋಗುವ ಹಿಂದಿನ ರಾತ್ರಿ ಗೆತ್ಸೇಮನೆ ತೋಟದಲ್ಲಿ ಯೇಸುಸ್ವಾಮಿಯೂ ನಿನ್ನ ಚಿತ್ತದಂತಾಗಲಿ ಎನ್ನುವುದಕ್ಕೆ ಮೊದಲು ತನಗೆ ಏನು ಬೇಡವೆಂಬುದನ್ನು ಬಾಯಿಬಿಟ್ಟು ಹೇಳಿದರು. ನೀವು ಆ ಮೊದಲ ಭಾಗವನ್ನು ಬಿಟ್ಟು ನೇರವಾಗಿ ಎರಡನೆಯದಕ್ಕೆ ಬಂದಿರುವುದರಿಂದಲೇ ಪ್ರಾರ್ಥನೆ ನಿಂತುಹೋಗಿರಬಹುದು. "ಸೀಟು ಕೊಡಲಿಲ್ಲ, ನನಗೆ ಬೇಸರವಾಗಿದೆ" ಎಂದು ದೇವರಿಗೇ ಹೇಳಿ ನೋಡಿ.

ಉತ್ತರ 3: ಯಲಹಂಕ ಯೂತ್

ಅಂಕಲ್, ಅಪೊಸ್ತಲರ ಕೃತ್ಯಗಳು 16ನೆಯ ಅಧ್ಯಾಯದಲ್ಲಿ ಪೌಲನು ಆಸ್ಯ ಸೀಮೆಗೆ ಹೋಗಬೇಕೆಂದಿದ್ದಾಗ ತಡೆಯಾಯಿತು, ಬಿಥೂನ್ಯಕ್ಕೆ ಹೊರಟಾಗಲೂ ತಡೆಯಾಯಿತು. ಕಾರಣವೇನೆಂದು ಅಲ್ಲಿ ಎಲ್ಲಿಯೂ ಬರೆದಿಲ್ಲ. ಆಮೇಲೆ ತೋರಿದ ದಾರಿ ಹಿಡಿದು ಫಿಲಿಪ್ಪಿಗೆ ಬಂದರೆ, ಲುದ್ಯಳ ಮನೆಯವರು ದೀಕ್ಷಾಸ್ನಾನ ಹೊಂದಿದ್ದು ನಿಜ, ಪೌಲನೂ ಅವನ ಜೊತೆಗಾರ ಸೀಲನೂ ಏಟು ತಿಂದು ಸೆರೆಮನೆ ಸೇರಿದ್ದೂ ಅಷ್ಟೇ ನಿಜ.

ನಿಮ್ಮ ಮಗನ ವಯಸ್ಸಿನವನಾಗಿ ಇನ್ನೊಂದು ಮಾತು. ನಮ್ಮೆದುರಿಗೇ ಬಂಧುಗಳಿಗೆ "ಏನು ಮಾಡುವುದು, ದೇವರ ಚಿತ್ತ" ಎಂದು ನಿಟ್ಟುಸಿರಿನೊಂದಿಗೆ ಹೇಳಿದರೆ, ನಾವು ಓದುತ್ತಿರುವುದು ಶಿಕ್ಷೆಯೆಂದೇ ಕೇಳಿಸುತ್ತದೆ. ಅವನು ನೆಮ್ಮದಿಯಾಗಿದ್ದಾನೆ ಎಂದು ನೀವೇ ಬರೆದಿದ್ದೀರಿ. ಆ ವಚನವನ್ನು ಅವನು ಹೇಗೆ ತೆಗೆದುಕೊಂಡನೆಂದು ಅವನನ್ನೇ ಕೇಳಿದ್ದೀರಾ?

ಹೆಬ್ಬಾಳದ ತಂದೆ

ಮೂವರಿಗೂ ವಂದನೆಗಳು. ಅವನನ್ನು ಕೇಳಿರಲಿಲ್ಲ. ಭಾನುವಾರ ಆರಾಧನೆ ಮುಗಿಸಿಕೊಂಡು ಬರುವಾಗ ಕೇಳುತ್ತೇನೆ. ಅಕ್ಕ ಹೇಳಿದ ಪ್ರಾರ್ಥನೆ ಅಷ್ಟು ಸುಲಭವಲ್ಲ, ಅದಕ್ಕೆ ನನಗೆ ಇನ್ನೂ ಸ್ವಲ್ಪ ಕಾಲ ಬೇಕು.