ಸಹಾಯ ಬೇಕು: ರಸ್ತೆ ಬದಿ ಹೊಗೆ ಲೆಕ್ಕ ತಾಳೆ ಆಗವಲ್ದು

ನಮಸ್ಕಾರ್ರಿ ಎಲ್ಲಾರಿಗೂ. ಎಂಎಸ್ಸಿ ಪ್ರಾಜೆಕ್ಟಿಗೆ ಹುಬ್ಬಳ್ಳಿ-ಧಾರವಾಡ ರಸ್ತೆದಾಗ ಉಣಕಲ್ ಹತ್ರ ಗಾಡಿಗಳಿಂದ ಪಿಎಂ 2.5 (ಗಾಳಿಯಾಗ ತೇಲೋ ಭಾಳ ಸಣ್ಣ ಕಣ) ಎಷ್ಟು ಬರತೈತಿ ಅಂತ ಕ್ಯಾಲೈನ್4 ಮಾಡೆಲ್‌ನಾಗ (ರಸ್ತೆ ಹೊಗೆ ಸುತ್ತ ಹೆಂಗ ಹರಡತೈತಿ ಅಂತ ಲೆಕ್ಕ ಹಾಕೋ ಕಂಪ್ಯೂಟರ್ ಪ್ರೋಗ್ರಾಂ) ಲೆಕ್ಕ ಹಾಕಾಕತ್ತೇನಿ. ಮೂರು ದಿನ ಚಹಾದಂಗಡಿ ಮುಂದ ಕುಂತು ಬೈಕು, ಆಟೋ, ಟೆಂಪೊ, ಲಾರಿ, ಚಿಗರಿ ಬಸ್ಸು ಎಲ್ಲಾ ಬ್ಯಾರೆ ಬ್ಯಾರೆ ಎಣಿಸೇನಿ. (ಅಂಗಡಿ ಕಾಕಾ ನನ್ನ ಟ್ರಾಫಿಕ್ ಪೊಲೀಸ್ರ ಕಡೆಯವ ಅಂತ ತಿಳಕೊಂಡು ಚಹಾದ ರೊಕ್ಕಾನೂ ತಗೊಳ್ಳಲಿಲ್ಲ.)

ತೊಂದ್ರಿ ಏನಂದ್ರ, ಮಾಡೆಲ್ ಕೊಡೋ ಅಂಕಿ ನನ್ನ ಕೈಮೀಟರ್ ತೋರಿಸಿದ್ದರ ಅರ್ಧಕ್ಕೂ ಬರವಲ್ದು. ಮೊದಲ ಸಲ ಒಂದೊಂದು ಗಾಡಿ ಕಿಲೋಮೀಟರಿಗೆ ಇಷ್ಟು ಗ್ರಾಂ ಬಿಡತೈತಿ ಅಂತ ಹಾಕಿದ್ದೆ. ಮಾಡೆಲ್ ಮೈಲಿಗೆ ಎಷ್ಟು ಅಂತ ಕೇಳತೈತಿ ಅಂತ ಆಮ್ಯಾಲೆ ಗೊತ್ತಾತು, 1.609ರಿಂದ ಗುಣಿಸಿದೆ. ಊರಿನ ಗಾಳಿಯಾಗ ಮೊದಲ ಇರೋ ಪ್ರಮಾಣಾನೂ ಕೂಡಿಸಿದೆ. ಆದ್ರೂ ಕಡಿಮಿನ.

ನನ್ನ ಗುಮಾನಿ ಧೂಳಿನ ಮ್ಯಾಲೆ ಐತಿ. ಸೈಲೆನ್ಸರ್ ಹೊಗೆ ಲೆಕ್ಕದಾಗ ಟೈರಿಗೆ ಎದ್ದ ಮಣ್ಣು ಬರಂಗಿಲ್ಲಲ್ಲ? ನಮ್ಮ ರಸ್ತೆ ಬದಿ ಮಣ್ಣು ನೀವೂ ನೋಡೀರಿ. ರಸ್ತೆ ಧೂಳಿನ ಲೆಕ್ಕಕ್ಕ ಇರೋ ಎಪಿ-42 (ಅಮೆರಿಕದ ಪರಿಸರ ಸಂಸ್ಥೆದ್ದು) ಸೂತ್ರಕ್ಕ ರಸ್ತೆ ಮ್ಯಾಲೆ ಚದರ ಮೀಟರಿಗೆ ಎಷ್ಟು ಗ್ರಾಂ ಸಣ್ಣ ಮಣ್ಣು ಐತಿ ಅಂತ ಬೇಕು. ಧಾರವಾಡ, ಗದಗ, ಹಾವೇರಿ ಕಡೆ ಯಾರರ ಗುಡಿಸಿ, ಜರಡಿ ಹಿಡದು ತೂಗೀರೇನ್ರಿ?

ಇನ್ನೊಂದು, ರಾತ್ರಿ ಗಾಳಿ ನಿಂತಾಗ ಏನ್ ಮಾಡ್ತೀರಿ? ಕ್ಯಾಲೈನ್4 ಸೂತ್ರದಾಗ ಗಾಳಿ ವೇಗ ಛೇದದಾಗ ಕುಂತೈತಿ, ಸೊನ್ನಿ ಹಾಕಿದ್ರ ಲೆಕ್ಕ ಕೆಟ್ಟ ಹೋಗತೈತಿ. ಸದ್ಯಕ್ಕ ಸೆಕೆಂಡಿಗೆ 0.5 ಮೀಟರ್ ಅಂತ ಹಿಡದೇನಿ. ಆ ತಾಸುಗಳನ್ನ ಬಿಟ್ಟಬಿಡಲೇನು?

ಗೈಡ್ ಸರ್ ಸೋಮವಾರ ಕೇಳತಾರ. ತಿಳದವ್ರು ಇಲ್ಲೇ ಬರೀರಿ, ಇಲ್ಲಾಂದ್ರ ಮೆಸೇಜ್ ಹಾಕ್ರಿ. ಎಣಿಕಿ ಹಾಳಿ ಬೇಕಾದ್ರ ಕಳಸತೇನಿ.