ಎಜ್ರಿನ್ ಸದಾ ಚುರುಕಾಗಿದ್ದರೆ ಕೋಶದ ಧ್ರುವೀಯತೆ ಏಕೆ ಕೆಡುತ್ತದೆ?

ಪ್ರಶ್ನೆ (ಉಪನ್ಯಾಸಕಿ, ಹಾಸನ)

ನಮಸ್ಕಾರ. ಬಿ.ಎಸ್ಸಿ. ಕೊನೆಯ ವರ್ಷದವರಿಗೆ ಕರುಳಿನ ಒಳಗೋಡೆಯನ್ನು ಹೊದಿಸುವ ಅನುಲೇಪಕ ಕೋಶಗಳ ಪಾಠ ಸಿದ್ಧಪಡಿಸುವಾಗ ಒಂದು ತೊಡಕು ಎದುರಾಗಿದೆ. ಆ ಕೋಶಗಳ ಮೇಲ್ಮುಖದಿಂದ ಬೆರಳಿನಂತೆ ಚಾಚಿರುವ ಮೈಕ್ರೊವಿಲ್ಲೈಗಳ ಒಳಗಿನ ಆಕ್ಟಿನ್ ಎಂಬ ಪ್ರೋಟೀನಿನ ಎಳೆಗಳನ್ನು ಕೋಶಪೊರೆಗೆ ಕಟ್ಟಿಹಾಕುವುದು ಎಜ್ರಿನ್ ಎಂಬ ಪ್ರೋಟೀನ್. ಅದರ 567ನೆಯ ಸ್ಥಾನದ ಥ್ರಿಯೊನಿನ್ ಎಂಬ ಅಮೈನೊ ಆಮ್ಲಕ್ಕೆ ಕೈನೇಸ್ ಕಿಣ್ವವು ಫಾಸ್ಫೇಟ್ ಸೇರಿಸಿದಾಗ ಅದು ಕೆಲಸಕ್ಕೆ ಸಿದ್ಧವಾಗುತ್ತದೆ. ಇಲ್ಲಿಯವರೆಗೆ ಅರ್ಥವಾಯಿತು. ಆದರೆ ಆ ಥ್ರಿಯೊನಿನ್ನಿನ ಜಾಗದಲ್ಲಿ ಗ್ಲುಟಮೇಟ್ ಎಂಬ ಇನ್ನೊಂದು ಅಮೈನೊ ಆಮ್ಲ ಇಟ್ಟು, ಫಾಸ್ಫೇಟ್ ಸದಾ ಅಂಟಿಕೊಂಡಿರುವಂತೆ ವರ್ತಿಸುವ ಎಜ್ರಿನ್ ತಯಾರಿಸಿದರೆ, ಅದು ಮೇಲ್ಮುಖದಲ್ಲಿ ನಿಲ್ಲದೆ ಪಕ್ಕ ಮತ್ತು ಬುಡದ ಪೊರೆಗೂ ಹರಡಿ, ಕೋಶದ ಧ್ರುವೀಯತೆ (ಮೇಲ್ಮುಖಕ್ಕೂ ಬುಡಕ್ಕೂ ಇರುವ ವ್ಯತ್ಯಾಸ) ಕೆಡುತ್ತದೆ ಎಂದು ಓದಿದೆ. ಚುರುಕಾದ ಎಜ್ರಿನ್ ಹೆಚ್ಚಿದಷ್ಟೂ ಮೇಲ್ಮುಖ ಗಟ್ಟಿಯಾಗಬೇಕಿತ್ತಲ್ಲವೇ?

ಉತ್ತರ 1 (ಕೋಶವಿಜ್ಞಾನದ ಸಂಶೋಧಕ, ಚಿಕ್ಕಮಗಳೂರು)

ಮೇಡಂ, ಎಜ್ರಿನ್ ಚುರುಕಾಗಿದೆಯೇ ಎಂಬುದಕ್ಕಿಂತ ಎಲ್ಲಿ ಚುರುಕಾಗುತ್ತದೆ, ಎಷ್ಟು ಬೇಗ ಮತ್ತೆ ಸುಮ್ಮನಾಗುತ್ತದೆ ಎಂಬುದೇ ಇಲ್ಲಿ ಮುಖ್ಯ. ಎಲ್‌ಒಕೆ ಮತ್ತು ಎಸ್‌ಎಲ್‌ಕೆ ಎಂಬ ಎರಡು ಕೈನೇಸ್‌ಗಳು ಮೇಲ್ಮುಖದಲ್ಲೇ ನೆಲೆಸಿ ಫಾಸ್ಫೇಟ್ ಸೇರಿಸುತ್ತವೆ. ಅದನ್ನು ಕಿತ್ತುಹಾಕುವ ಫಾಸ್ಫಟೇಸ್‌ಗೆ ಮಾತ್ರ ಅಂಥ ಗಡಿಯಿಲ್ಲ. ಗೊರೂರಿನ ಅಣೆಕಟ್ಟಿನಿಂದ ಬಿಟ್ಟ ನೀರನ್ನು ದಾರಿಯುದ್ದಕ್ಕೂ ಗದ್ದೆಗಳು ಹೀರಿಕೊಂಡರೆ ಕಾಲುವೆಯ ಕೊನೆಭಾಗಕ್ಕೆ ಏನೂ ಉಳಿಯುವುದಿಲ್ಲ. ಹಾಗೆಯೇ ಮೇಲ್ಮುಖದಿಂದ ಕಳಚಿಕೊಂಡ ಎಜ್ರಿನ್ ಬುಡವನ್ನು ತಲುಪುವ ಮೊದಲೇ ಫಾಸ್ಫೇಟ್ ಕಳೆದುಕೊಂಡು ಮುಚ್ಚಿಕೊಳ್ಳುತ್ತದೆ. ಗ್ಲುಟಮೇಟ್ ಇರುವ ಎಜ್ರಿನ್‌ನಿಂದ ಫಾಸ್ಫಟೇಸ್ ಕಿತ್ತುಕೊಳ್ಳಲು ಏನೂ ಇಲ್ಲವಾದ್ದರಿಂದ ಅದು ಹೋದಲ್ಲೆಲ್ಲ ಪೊರೆಗೆ ಅಂಟುತ್ತದೆ. ಕಾರ್ನೆಲ್ ವಿಶ್ವವಿದ್ಯಾಲಯದ ಆಂಥನಿ ಬ್ರೆಟ್ಷರ್ ಅವರ ತಂಡ 2012ರಲ್ಲಿ ಫಾಸ್ಫೇಟ್ ಸೇರಿಸಿ ಕಿತ್ತುಹಾಕುವ ಈ ಚಕ್ರವನ್ನು ವಿವರಿಸಿತು.

ಕೈನೇಸ್ ಸಿಕ್ಕಸಿಕ್ಕ ಎಜ್ರಿನ್ನಿಗೆ ಫಾಸ್ಫೇಟ್ ಅಂಟಿಸಲಾರದು ಎಂಬುದೂ ಗಮನಾರ್ಹ. ಸುಮ್ಮನಿರುವ ಎಜ್ರಿನ್ನಿನ ಬಾಲ ಅದರ ತಲೆಗೇ ಅಂಟಿಕೊಂಡಿದ್ದು, 567ನೆಯ ಥ್ರಿಯೊನಿನ್ ಆ ಸಂದಿಯಲ್ಲಿ ಅಡಗಿರುತ್ತದೆ. ಪೊರೆಯಲ್ಲಿರುವ ಪಿಐಪಿ2 ಎಂಬ ಲಿಪಿಡ್ ಆ ಹಿಡಿತವನ್ನು ಸಡಿಲಿಸಿದ ಮೇಲೆಯೇ ಎಲ್‌ಒಕೆ ತನ್ನದೇ ಒಂದು ಭಾಗವನ್ನು ಬೆಣೆಯಂತೆ ನಡುವೆ ತೂರಿಸಿ ಥ್ರಿಯೊನಿನ್ನನ್ನು ಮುಟ್ಟುತ್ತದೆ. ಅಂದರೆ ಪೊರೆ ಮತ್ತು ಕೈನೇಸ್ ಎರಡೂ ಒಂದೇ ಕಡೆ ಸಿಗಬೇಕು. (ಎಜ್ರಿನ್ ಎಂಬ ಹೆಸರು ಆ ವಿಶ್ವವಿದ್ಯಾಲಯದ ಸ್ಥಾಪಕ ಎಜ್ರಾ ಕಾರ್ನೆಲ್‌ರಿಂದ ಬಂದದ್ದು, ಮಕ್ಕಳಿಗೆ ಹೇಳಿದರೆ ನೆನಪಿನಲ್ಲಿ ಉಳಿಯುತ್ತದೆ.)

ಉತ್ತರ 2 (ಸಂಶೋಧನಾ ವಿದ್ಯಾರ್ಥಿನಿ, ಹಾಸನ)

ಸರ್ ಹೇಳಿದ್ದನ್ನು ಒಪ್ಪುತ್ತೇನೆ, ಆದರೆ ಎಲ್ಲ ಕೋಶಗಳಲ್ಲೂ ಇವೇ ಎರಡು ಕೈನೇಸ್ ಎಂದು ಬರೆಸಿದರೆ ಆತುರವಾದೀತು. ಆ ಪ್ರಯೋಗಗಳು ಮುಖ್ಯವಾಗಿ ನಡೆದದ್ದು ಜರಾಯು ಮೂಲದ ಕೋಶಗಳಲ್ಲಿ. ಕರುಳಿನ ಗಡ್ಡೆಯಿಂದ ಪಡೆದ ಕೋಶಗಳಲ್ಲಿ ಎಲ್‌ಕೆಬಿ1 ಎಂಬ ಕೈನೇಸನ್ನು ಚುರುಕುಗೊಳಿಸಿದರೆ, ಅಕ್ಕಪಕ್ಕದ ಕೋಶಗಳ ಆಸರೆಯಿಲ್ಲದೆ ಒಂಟಿ ಕೋಶವೇ ಧ್ರುವೀಯತೆ ಪಡೆದು ಒಂದು ಬದಿಯಲ್ಲಿ ಮೈಕ್ರೊವಿಲ್ಲೈಗಳ ಟೋಪಿ ಧರಿಸುತ್ತದೆ ಎಂದು 2004ರಲ್ಲಿ ಹಾನ್ಸ್ ಕ್ಲೆವರ್ಸ್ ತಂಡ ತೋರಿಸಿತು. ಮುಂದೆ ಅದೇ ಕೋಶಗಳಲ್ಲಿ ಎಜ್ರಿನ್ನಿಗೆ ಫಾಸ್ಫೇಟ್ ಸೇರಿಸುವ ಕೆಲಸಕ್ಕೆ ಎಂಎಸ್‌ಟಿ4 ಎಂಬ ಬೇರೆಯೇ ಕೈನೇಸ್ ಮೇಲ್ಮುಖಕ್ಕೆ ಸಾಗಿಬರುವುದು ಕಂಡುಬಂತು. ಆದ್ದರಿಂದ ಕಿಣ್ವದ ಹೆಸರಿಗಿಂತ, ಕೈನೇಸ್ ಒಂದು ಕಡೆ ಸೀಮಿತವಾಗಿರುತ್ತದೆ ಎಂಬ ತತ್ತ್ವಕ್ಕೆ ಒತ್ತು ಕೊಡುವುದು ಮೇಲು.

ಉತ್ತರ 3 (ರೋಗಶಾಸ್ತ್ರಜ್ಞ, ಹಾಸನ)

ಚಕ್ರ ಸದಾ ತಿರುಗುತ್ತಿರಲು, ಕೈನೇಸ್‌ಗೆ ಫಾಸ್ಫೇಟ್ ಒದಗಿಸುವ ಎಟಿಪಿ ಖರ್ಚಾಗುತ್ತಲೇ ಇರಬೇಕು ಎಂಬುದನ್ನು ನಾವು ಮೂತ್ರಪಿಂಡದಲ್ಲಿ ಕಾಣುತ್ತೇವೆ. ರಕ್ತಪೂರೈಕೆ ನಿಂತಾಗ ಎಟಿಪಿ ಕುಸಿಯುತ್ತದೆ, ಕೈನೇಸ್ ಸೋಲುತ್ತದೆ, ಫಾಸ್ಫಟೇಸ್ ಮಾತ್ರ ಎಂದಿನಂತೆ ಕೆಲಸ ಮಾಡುತ್ತದೆ. ಎಜ್ರಿನ್ ಫಾಸ್ಫೇಟ್ ಕಳೆದುಕೊಂಡು ಆಕ್ಟಿನ್‌ನಿಂದ ಬಿಡಿಸಿಕೊಳ್ಳುತ್ತದೆ. ಪಿಎಎಸ್ ಎಂಬ ಬಣ್ಣ ಹಾಕಿದ ಸ್ಲೈಡಿನಲ್ಲಿ ಆರೋಗ್ಯವಂತ ಸಮೀಪನಾಳದ (ಮೂತ್ರಪಿಂಡದಲ್ಲಿ ಸೋಸಿದ ದ್ರವ ಮೊದಲು ಹರಿಯುವ ನಾಳ) ಒಳ ಅಂಚಿಗೆ ಕೆಂಗುಲಾಬಿ ಬಣ್ಣದ ದಟ್ಟ ಗೆರೆಯಿರುತ್ತದೆ, ಅದೇ ಮೈಕ್ರೊವಿಲ್ಲೈಗಳ ಸಾಲು. ಪೆಟ್ಟು ತಿಂದ ನಾಳದಲ್ಲಿ ಅದು ಅಲ್ಲಲ್ಲಿ ಹರಿದಿರುತ್ತದೆ, ಇಲ್ಲವೇ ಪೂರ್ತಿ ಅಳಿಸಿಹೋಗಿ ಕೋಶಗಳೂ ಚಪ್ಪಟೆಯಾಗಿರುತ್ತವೆ.

ಪ್ರಶ್ನೆ ಕೇಳಿದವರು

ಎಲ್ಲರಿಗೂ ಧನ್ಯವಾದಗಳು. ಡಾಕ್ಟರೇ, ಆ ಸ್ಲೈಡನ್ನು ನಮ್ಮ ಕಾಲೇಜಿನ ಸಾಧಾರಣ ಸೂಕ್ಷ್ಮದರ್ಶಕದಲ್ಲಿ ಇಟ್ಟರೆ ಬಿಡಿ ಬಿಡಿ ಮೈಕ್ರೊವಿಲ್ಲೈ ಕಾಣಬಹುದೇ?

ಉತ್ತರ 3ರವರು

ಇಲ್ಲ ಮೇಡಂ. ಒಂದೊಂದರ ದಪ್ಪ ಸುಮಾರು 0.1 ಮೈಕ್ರೊಮೀಟರ್, ಬೆಳಕಿನ ಸೂಕ್ಷ್ಮದರ್ಶಕವು 0.2 ಮೈಕ್ರೊಮೀಟರ್‌ಗಿಂತ ಹತ್ತಿರವಿರುವ ಎರಡು ವಸ್ತುಗಳನ್ನು ಬೇರ್ಪಡಿಸಿ ತೋರಿಸಲಾರದು. ಗೆರೆಯನ್ನು ಸ್ಲೈಡಿನಲ್ಲೇ ತೋರಿಸಿ, ಬಿಡಿ ಮೈಕ್ರೊವಿಲ್ಲೈಗಳಿಗೆ ಎಲೆಕ್ಟ್ರಾನ್ ಸೂಕ್ಷ್ಮದರ್ಶಕದ ಚಿತ್ರವನ್ನು ಪಕ್ಕದಲ್ಲಿಡಿ.