ತಂಟೆ ಮಾಡದ ಮಗು: ಈ ಭಾನುವಾರ ಮೇಡಂಗೆ ಕೇಳಿದ್ದು

ಗುಂಪಿನ ಅಡ್ಮಿನ್: ನಮ್ಮ ಮೇಡಂ ಮೊದಲು ಅಂಗನವಾಡಿ ಕಾರ್ಯಕರ್ತೆ, ಆಮೇಲೆ ಮೇಲ್ವಿಚಾರಕಿ. ಎಲ್ಲಾ ದಾವಣಗೆರೆ ಜಿಲ್ಲೆಯಲ್ಲೇ. ಈಗ ನಿವೃತ್ತಿ ಆಗಿದೆ. ಸಂಜೆ 5ರಿಂದ 7ರವರೆಗೆ ಇರ್ತಾರೆ. ಅಂಗನವಾಡಿಯ ಪಾಠ, ಆಟ, ಊಟದ ಬಗ್ಗೆ ಕೇಳಿ. ದೇವರ ಫೋಟೋ, ಗುಡ್ ಈವನಿಂಗ್ ಬೇಡ.

ಹೊನ್ನಾಳಿಯಿಂದ: ನಮಸ್ತೆ ಮೇಡಂ. ಮಗಳಿಗೆ 4 ವರ್ಷ. ಅಂಗನವಾಡಿಯಲ್ಲಿ ಇನ್ನೂ ಎಬಿಸಿಡಿ ಬರೆಸಿಲ್ಲ. ಬರೀ ಹಾಡು, ಕುಣಿತ. ಪಕ್ಕದ ಮನೆ ಹುಡುಗ ಎಲ್‌ಕೆಜಿ, ಆಗಲೇ 50ರ ತನಕ ಬರೀತಾನೆ.

ಮೇಡಂ: ನಮಸ್ತೆ ಅಮ್ಮ. ಪೆನ್ಸಿಲ್ ಹಿಡಿಯೋಕೆ ಬೆರಳು ಮೊದಲು ಗಟ್ಟಿ ಆಗಬೇಕು. ಮಣಿ ಪೋಣಿಸೋದು, ಮಣ್ಣು ಕಲಸೋದು, ಹುಣಸೆ ಬೀಜ ಆರಿಸೋದು, ಇದೆಲ್ಲ ಬರವಣಿಗೆಗೇ ತಯಾರಿ. ನಮ್ಮ ಅಂಗನವಾಡಿಯ ‘ಚಿಲಿಪಿಲಿ’ ಪಾಠಕ್ರಮದ ಲೆಕ್ಕವೂ ಅದೇ. ಆ ಹುಡುಗನ ಮುಂದೆ ಹತ್ತು ಹುಣಸೆ ಬೀಜ ಇಟ್ಟು, “ಇದರಲ್ಲಿ ಏಳು ಕೊಡಪ್ಪ” ಅನ್ನಿ. ಕೊಟ್ಟರೆ ಅವನಿಗೆ ಲೆಕ್ಕ ಬರುತ್ತೆ. ಕೊಡದಿದ್ದರೆ ಬರೀ ಬರೆಯೋಕೆ ಬರುತ್ತೆ ಅಷ್ಟೇ.

ಚನ್ನಗಿರಿಯಿಂದ: ಮಗ ಅಲ್ಲಿ ಮೊಟ್ಟೆ ತಿನ್ನಲ್ಲ. ಮನೆಗೆ ಕೊಡಿ ಅಂದ್ರೆ ಟೀಚರ್ ಆಗಲ್ಲ ಅಂತಾರೆ.

ಮೇಡಂ: ಸರಿಯಾಗೇ ಹೇಳಿದ್ದಾರೆ. 3ರಿಂದ 6 ವರ್ಷದ ಮಕ್ಕಳು ಅಲ್ಲೇ ಕೂತು ತಿನ್ನಬೇಕು. ಮನೆಗೆ ಬಂದ ಮೊಟ್ಟೆ ಯಾರ ತಟ್ಟೆಗೆ ಹೋಗುತ್ತೆ ಅಂತ ನನಗೂ ಗೊತ್ತು, ನಿಮಗೂ ಗೊತ್ತು.

ಜಗಳೂರಿನಿಂದ: ನಮ್ಮ ಕೇಂದ್ರದ ತಾರಸಿ ಸೋರುತ್ತೆ ಮೇಡಂ. ಮಳೆ ಬಂದ್ರೆ ಮಕ್ಕಳನ್ನ ಒಂದು ಮೂಲೆಗೆ ಸರಿಸ್ತಾರೆ. ಯಾರಿಗೆ ಅರ್ಜಿ ಕೊಡಬೇಕು?

ದಾವಣಗೆರೆ ಹಳೇ ಊರಿನಿಂದ: ಅಕ್ಕಾ, ನಾನು ಮಂಡಕ್ಕಿ ಭಟ್ಟಿ ಕೆಲಸಕ್ಕೆ ಹೋಗ್ತೀನಿ. ಮಗನಿಗೆ 3 ವರ್ಷ 4 ತಿಂಗಳು. ಅಂಗನವಾಡಿಯಲ್ಲಿ ತಂಟೆ ಇಲ್ಲ, ಅಳಲ್ಲ, ಕೂರಿಸಿದ ಕಡೆ ಕೂರ್ತಾನೆ. ಟೀಚರ್ ತುಂಬಾ ಒಳ್ಳೆ ಮಗು ಅಂತಾರೆ. ಆದರೆ ಮಾತು ಕಮ್ಮಿ. ಅಮ್ಮ, ನೀರು, ಬಾ, ಇಷ್ಟೇ. ಸೇರಿಸಿ ಹೇಳಲ್ಲ. ಗಂಡುಮಕ್ಕಳಿಗೆ ಮಾತು ತಡ ಅಂತಾರಲ್ಲ, ಅದಾ?

ಮೇಡಂ: ಟಿವಿ ಸೌಂಡ್ ಜಾಸ್ತಿ ಮಾಡ್ತಾನಾ? ಕಿವಿ ಸೋರಿದ್ದು ಉಂಟಾ?

ಹಳೇ ಊರು: ಹೌದಕ್ಕಾ, ಟಿವಿ ಹತ್ತಿರ ಹೋಗಿ ನಿಲ್ತಾನೆ. ಮಳೆಗಾಲದಲ್ಲಿ ಎರಡು ಸಲ ಎಡಗಿವಿ ಸೋರಿತ್ತು. ಅತ್ತೆ ಬೆಳ್ಳುಳ್ಳಿ ಎಣ್ಣೆ ಕಾಯಿಸಿ ಬಿಡ್ತಾರೆ.

ಮೇಡಂ: ಹಾಗಾದ್ರೆ ಈ ಪ್ರಶ್ನೆ ಮುಗಿಸದೆ ನಾನು ಮುಂದೆ ಹೋಗಲ್ಲ. ಬೇರೆಯವರು ಸ್ವಲ್ಪ ತಡೀರಿ.

3 ವರ್ಷ ದಾಟಿದ ಮಗು ಎರಡು ಮೂರು ಪದ ಸೇರಿಸಿ ಮಾತಾಡಬೇಕಮ್ಮ. ಗಂಡಾಗಲಿ ಹೆಣ್ಣಾಗಲಿ. ನಿಮ್ಮವನು ಹೇಳಿದ್ದು ಕೇಳ್ತಾನೆ ಅಂತ ಟೀಚರಿಗೆ ಅನಿಸಿರಬಹುದು. ಕೈ ತೊಳೆಯೋಕೆ ಎಲ್ಲರೂ ಎದ್ದರೆ ಅವನೂ ಏಳ್ತಾನೆ. ಎಲ್ಲರೂ ತಟ್ಟೆ ಹಿಡಿದರೆ ಅವನೂ ಹಿಡೀತಾನೆ. ಅದು ಕೇಳಿ ಮಾಡಿದ್ದಾ, ನೋಡಿ ಮಾಡಿದ್ದಾ? ನನ್ನ ಕೇಂದ್ರದಲ್ಲೂ ಇಂಥ ಒಬ್ಬಳಿದ್ದಳು. ಬಂಗಾರದಂಥ ಮಗು ಅಂತ ಒಂದು ವರ್ಷ ನಾನೇ ಹೊಗಳಿದೆ. ಒಂದು ದಿನ ಸಹಾಯಕಿ ಕೈಯಿಂದ ಕುಕ್ಕರ್ ಮುಚ್ಚಳ ಜಾರಿ ಅವಳ ಬೆನ್ನ ಹಿಂದೆಯೇ ಬಿತ್ತು. ಮಕ್ಕಳೆಲ್ಲ ಬೆಚ್ಚಿಬಿದ್ದರು. ಇವಳು ಮಣಿ ಪೋಣಿಸ್ತಾನೇ ಇದ್ದಳು. ಆ ಒಂದು ವರ್ಷ ಇವತ್ತಿಗೂ ನನಗೆ ಚುಚ್ಚುತ್ತೆ.

ನಾನು ಡಾಕ್ಟರ್ ಅಲ್ಲ. ಬೇರೆ ಕಾರಣವೂ ಇರಬಹುದು. ಆದರೆ ಮೊದಲು ಕಿವಿ ನೋಡಿಸಬೇಕು. ಚಿಗಟೇರಿ ಜಿಲ್ಲಾ ಆಸ್ಪತ್ರೆಗೆ ಹೋಗಿ, ಕಿವಿ ಮೂಗು ಗಂಟಲು ಡಾಕ್ಟರನ್ನ ಕೇಳಿ. “ಸೋರಿತ್ತು, ಮಾತು ಬಂದಿಲ್ಲ” ಅಂತ ಎರಡೂ ಹೇಳಿ. ಬರೀ ಸೋರಿತ್ತು ಅಂದ್ರೆ ಡ್ರಾಪ್ಸ್ ಬರೆದು ಕಳಿಸಿಬಿಡ್ತಾರೆ. ಮುಂದಿನ ಪರೀಕ್ಷೆ ಬೇಕಾದರೆ ಮೈಸೂರಿನ ಆಯಿಷ್ ಇದೆ, ವಾಕ್ ಮತ್ತು ಶ್ರವಣ ಸಂಸ್ಥೆ. ಅಂಗನವಾಡಿಗೆ ವರ್ಷಕ್ಕೆ ಎರಡು ಸಲ ಆರ್‌ಬಿಎಸ್‌ಕೆ ಅನ್ನೋ ಸರ್ಕಾರಿ ಆರೋಗ್ಯ ತಂಡ ಮಕ್ಕಳನ್ನ ನೋಡೋಕೆ ಬರುತ್ತೆ. ಹಿಂದಿನ ಸಲ ನಿಮ್ಮ ಮಗ ಇದ್ದನಾ ಅಂತ ಟೀಚರನ್ನ ಕೇಳಿ. ಮುಂದಿನ ಸಲಕ್ಕೆ ಮಾತ್ರ ಕಾಯಬೇಡಿ.

ಎಣ್ಣೆ ಇವತ್ತೇ ನಿಲ್ಲಿಸಿ. ಸೋರೋ ಕಿವಿಯ ತಮಟೆಯಲ್ಲಿ ತೂತು ಇರಬಹುದು. ಎಣ್ಣೆ ನೇರ ಒಳಗೆ ಹೋಗುತ್ತೆ.

ವಿನೋಬನಗರದಿಂದ: *(ಫಾರ್ವರ್ಡ್)* ಮಾತು ಬರದ ಮಕ್ಕಳಿಗೆ ದಿನಾ ಬೆಳಗ್ಗೆ ಬಜೆ ಬೇರು ಜೇನಿನಲ್ಲಿ ತೇಯ್ದು ನೆಕ್ಕಿಸಿ. 21 ದಿನದಲ್ಲಿ ಗಿಣಿಯಂತೆ ಮಾತು. ಹತ್ತು ಜನರಿಗೆ ಕಳಿಸಿ.

ಮೇಡಂ: ಯಾರಿಗೂ ಕಳಿಸಬೇಡಿ. ಬಜೆ ಜಾಸ್ತಿಯಾದರೆ ಮಕ್ಕಳು ವಾಂತಿ ಮಾಡ್ಕೊಳ್ತಾರೆ. ಕಿವಿ ಕೇಳದ ಮಗುವಿನ ನಾಲಿಗೆ ತಿಕ್ಕಿ ಏನು ಮಾಡ್ತೀರಿ?

ವಿನೋಬನಗರ: ನಮ್ಮಜ್ಜಿ ನಮಗೆಲ್ಲ ಕೊಟ್ಟಿದ್ದಾರೆ. ನಾವು ಮಾತಾಡ್ತಿಲ್ವಾ?

ಮೇಡಂ: ಮಾತಾಡ್ತಿದ್ದೀರಿ. ಅದೇ ನೋಡ್ತಿದ್ದೀನಿ.

ಹರಿಹರದಿಂದ: ಮೇಡಂ, ಎಬಿಸಿಡಿ ಯಾವ ವಯಸ್ಸಿಗೆ ಶುರು ಮಾಡಿಸ್ತಾರೆ?

ಮೇಡಂ: ಮೇಲೆ ಓದಿ.

ನಿಟ್ಟುವಳ್ಳಿಯಿಂದ: ಸುಮ್ನೆ ಅಂಗನವಾಡಿ ಹೊಗಳಬೇಡಿ. ಅಲ್ಲಿ ಕಲಿಸೋದು ಏನೂ ಇಲ್ಲ. ಊಟ ಹಾಕಿ ಮಲಗಿಸ್ತಾರೆ. ಅದಕ್ಕೇ ಸಾಲ ಮಾಡಿ ಕಾನ್ವೆಂಟಿಗೆ ಹಾಕಿದ್ದೀವಿ.

ಕಾರ್ಯಕರ್ತೆ, ಹೊಳಲ್ಕೆರೆ ಕಡೆಯಿಂದ: ಏನೂ ಇಲ್ಲ ಅಂದ್ರೆ ಏನು ಸರ್? ಬೆಳಗ್ಗೆ 9.30ಕ್ಕೆ ಬಂದ್ರೆ ಮೊಬೈಲಿನ ಪೋಷಣ್ ಟ್ರ್ಯಾಕರ್ ಆ್ಯಪ್‌ಗೆ ಫೋಟೋ, ತೂಕ, ಎತ್ತರ. ನೆಟ್‌ವರ್ಕ್ ಇಲ್ಲಾಂದ್ರೆ ಛಾವಣಿ ಹತ್ತಬೇಕು. ಎಲೆಕ್ಷನ್ ಬಂದ್ರೆ ಮತದಾರರ ಪಟ್ಟಿ ನೋಡೋ ಬಿಎಲ್‌ಒ ಕೆಲಸವೂ ನಮಗೇ. ಮಧ್ಯೆ ಕಥೆ ಹೇಳ್ತೀವಿ, ಹಾಡಿಸ್ತೀವಿ. ನೀವು ಒಂದು ದಿನ ಬಂದು ಮೂವತ್ತು ಮಕ್ಕಳನ್ನ ಹಿಡಿದು ನೋಡಿ.

ನಿಟ್ಟುವಳ್ಳಿ: ಕಷ್ಟ ಆದ್ರೆ ಕೆಲಸ ಬಿಡಿ.

ಕಾರ್ಯಕರ್ತೆ: ನಮಗೆ ಬರೋದು ಸಂಬಳ ಅಲ್ಲ ಸರ್, ಗೌರವಧನ. ಗೌರವನಾದ್ರೂ ಕೊಡಿ.

ಚನ್ನಗಿರಿ: ನಮ್ಮ ಓಣಿಯಲ್ಲಿ ಟೀಚರ್ ಮೀಟಿಂಗಿಗೆ ಹೋದ ದಿನ ಸಹಾಯಕಿ ಒಬ್ಬರೇ. ಅವರು ಅಡುಗೆ ನೋಡ್ತಾರೋ ಮಕ್ಕಳನ್ನೋ? ಅದೂ ಹೇಳಬೇಕಲ್ವಾ?

ನಿಟ್ಟುವಳ್ಳಿ: ಅದೇ ನಾನು ಹೇಳಿದ್ದು!

ಮೇಡಂ: ಇಬ್ಬರೂ ನಿಲ್ಲಿಸಿ. ಕಾರ್ಯಕರ್ತೆ ಹೇಳಿದ ಕೆಲಸದ ಹೊರೆ ನಿಜ. ಆದರೆ ಬೆಳಗಿನ ಹೊತ್ತು ಮೊಬೈಲಿಗೆ ಹೋದರೆ ಮಕ್ಕಳಿಗೆ ಉಳಿಯೋದು ಊಟದ ಹೊತ್ತು ಮಾತ್ರ. ಅದೂ ನಿಜ. ನಾನು ತಪಾಸಣೆಗೆ ಹೋದಾಗ ರಿಜಿಸ್ಟರ್ ಕೇಳೋ ಮೊದಲು ಬಾಗಿಲ ಹೊರಗೆ ಐದು ನಿಮಿಷ ನಿಲ್ತಿದ್ದೆ. ಮಕ್ಕಳ ದನಿ ಬರ್ತಿದ್ದರೆ ಸಮಾಧಾನ. ಟೀಚರ್ ದನಿ ಮಾತ್ರ ಬಂದರೆ, ಇಲ್ಲಾ ಏನೂ ಬರದಿದ್ದರೆ, ಒಳಗೆ ಹೋಗಿ ಮಕ್ಕಳ ಪಕ್ಕ ನೆಲಕ್ಕೆ ಕೂರ್ತಿದ್ದೆ. ನೀವೂ ಹಾಗೇ ಹೋಗಿ ನೋಡಿ. ಗೋಡೆಯ ಚಾರ್ಟ್ ಎಲ್ಲಿ ತೂಗಿದೆ ನೋಡಿ. ಮಗುವಿನ ಕಣ್ಣಿನ ಎತ್ತರಕ್ಕಾ, ಸಾಹೇಬರ ಕಣ್ಣಿನ ಎತ್ತರಕ್ಕಾ? ಆಟದ ಸಾಮಾನು ಮಕ್ಕಳ ಕೈಯಲ್ಲಿದೆಯಾ, ಬೀರುವಿನ ಬೀಗದೊಳಗಾ?

ನಿಟ್ಟುವಳ್ಳಿ: ಕಾನ್ವೆಂಟಲ್ಲಿ ಎಲ್ಲಾ ಚೆನ್ನಾಗೇ ಇದೆ.

ಮೇಡಂ: ಹಾಗಾದ್ರೆ ಈ ಗುಂಪಲ್ಲಿ ಯಾಕಿದ್ದೀರಿ?

ಜಗಳೂರು: ಮೇಡಂ, ತಾರಸಿ ವಿಷಯ?

ವಿನೋಬನಗರ: *(ಫಾರ್ವರ್ಡ್)* ಅಂಗನವಾಡಿ ಪೌಷ್ಟಿಕ ಪುಡಿಯಲ್ಲಿ ಪ್ಲಾಸ್ಟಿಕ್! ಬೇಗ ನೋಡಿ, ಡಿಲೀಟ್ ಆಗುತ್ತೆ.

ಮೇಡಂ: ಅಡ್ಮಿನ್, ಇವರನ್ನ ನೀವು ನೋಡ್ಕೊಳ್ತೀರಾ, ನಾನು ಹೋಗಲಾ?

ಅಡ್ಮಿನ್: ಡಿಲೀಟ್ ಮಾಡಿದೆ ಮೇಡಂ. ಕ್ಷಮಿಸಿ.

ಹಳೇ ಊರು: ಅಕ್ಕಾ, ಈಗ ಹಿಂದಿನಿಂದ ಕರೆದು ನೋಡಿದೆ. ಕಾರು ಉರುಳಿಸ್ತಾ ಇದ್ದ. ಮೂರು ಸಲ ಕರೆದೆ, ತಿರುಗಲಿಲ್ಲ. ಹೆಗಲು ಮುಟ್ಟಿದ ಮೇಲೆ ನಕ್ಕ. ನಂಗೆ ಕೈಕಾಲು ಆಡ್ತಿಲ್ಲ.

ಮೇಡಂ: ಹೆದರಬೇಡಿ ಕಂದಾ. ಮನೆಯಲ್ಲಿ ಕರೆದು ನೋಡಿದ್ದೇ ಕೊನೆ ಮಾತಲ್ಲ. ತಮಟೆ ಹಿಂದೆ ನೀರು ತುಂಬಿದ್ದರೂ ಹೀಗಾಗುತ್ತೆ, ಅದಕ್ಕೆ ಚಿಕಿತ್ಸೆ ಇದೆ. ನಾಳೆ ಒಂದು ದಿನ ಭಟ್ಟಿಗೆ ರಜೆ ಹಾಕಿ. ಬೆಳಗ್ಗೆ ಬೇಗ ಹೋಗಿ ಚೀಟಿ ಮಾಡಿಸಿ. ತಾಯಿ ಕಾರ್ಡ್, ಆಧಾರ್ ಇಟ್ಕೊಳ್ಳಿ.

ಹಳೇ ಊರು: ಟೀಚರಿಗೆ ಏನು ಹೇಳಲಿ? ಒಳ್ಳೆ ಮಗು ಅಂದಿದ್ದಾರೆ, ಬೇಜಾರು ಮಾಡ್ಕೊಳ್ತಾರೇನೋ.

ಮೇಡಂ: ಮಾಡ್ಕೊಳ್ಳಲಿ. ಅವರ ಎದುರಿಗೇ ಕೂರಿಸೋಕೆ ಹೇಳಿ, ಮುಖ ಕಾಣೋ ಹಾಗೆ. ಮಾತಾಡೋ ಮೊದಲು ಹೆಗಲು ಮುಟ್ಟಲಿ. ಆಸ್ಪತ್ರೆಯಲ್ಲಿ ಏನಂದ್ರು ಅಂತ ನನಗೆ ಬೇರೆ ಮೆಸೇಜ್ ಹಾಕಿ, ಇಲ್ಲಿ ಬೇಡ.

ಹೊನ್ನಾಳಿ: ಮೇಡಂ, ಪಕ್ಕದ ಮನೆ ಹುಡುಗನಿಗೆ ಹುಣಸೆ ಬೀಜ ಕೇಳಿದೆ. ಹತ್ತೂ ಕೊಟ್ಟ.